ಅಹಮದಾಬಾದ್ 2030ರ ಸಂಘಟಕರಿಗೆ, ಮೇಲಿನ ಸಾಲಿನಲ್ಲಿ ಕೂತವಳಿಂದ

ಮಾನ್ಯರೇ,

ನಮಸ್ಕಾರ. ನಿಮ್ಮಲ್ಲಿ ಹೆಚ್ಚಿನವರಿಗೆ ಕನ್ನಡ ಬರುವುದಿಲ್ಲ, ಗೊತ್ತು. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಆಸೆಯೂ ಸಿಟ್ಟೂ ಸರಿಯಾಗಿ ಬರುವುದು ಈ ಭಾಷೆಯಲ್ಲೇ. ಅದೂ ಅಲ್ಲದೆ, 2030ರಲ್ಲಿ ಬೆಂಗಳೂರಿಂದ, ಹುಬ್ಬಳ್ಳಿಯಿಂದ ರೈಲು ಹತ್ತಿ ನಿಮ್ಮೂರಿಗೆ ಬರುವವರು ಇದನ್ನು ಮೊದಲು ಓದಲಿ. ಅವರು ಬಂದು ನಿಮ್ಮನ್ನು ಪ್ರಶ್ನೆ ಕೇಳಿದರೆ ಅನುವಾದ ತಾನಾಗಿಯೇ ಆಗುತ್ತದೆ.

2025ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಸಭೆ ಸೇರಿ 2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ನಿಮ್ಮ ಊರಿಗೆ ಕೊಟ್ಟರು. ಮೊದಲೇ ಖಚಿತವಾದ ಆಟಗಳಲ್ಲಿ ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್ ಕೂಡ ಇದೆ. ರಸ್ತೆ ಬಗ್ಗೆ, ಮೆಟ್ರೋ ಬಗ್ಗೆ, ಸ್ಟೇಡಿಯಂ ಬಗ್ಗೆ ನಿಮಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಜಿಮ್ನಾಸ್ಟಿಕ್ಸ್ ಬಗ್ಗೆ ಯಾರೂ ಬರೆಯಲಿಕ್ಕಿಲ್ಲ ಅನ್ನಿಸಿತು. ಅದಕ್ಕೇ ಈ ಪತ್ರ.

ನಾನು ಜಿಮ್ನಾಸ್ಟ್ ಅಲ್ಲ, ಕೋಚ್ ಅಲ್ಲ. ಶಾಲೆಯಲ್ಲಿ ಒಂದೇ ಒಂದು ಲಾಗ ಹಾಕಲು ಹೋಗಿ ಕತ್ತು ಉಳುಕಿಸಿಕೊಂಡವಳು. ಟಿಕೆಟ್ ಕೊಂಡು ಮೇಲಿನ ಸಾಲಿನಲ್ಲಿ ಕೂತು ನೋಡಿದವಳು, ಅಷ್ಟೇ. ಆದರೆ ಕೂಟ ನಡೆಸುವವರಿಗೆ ಮೇಲಿನ ಸಾಲಿನಿಂದ ಏನು ಕಾಣುತ್ತದೆ ಅಂತ ಗೊತ್ತಿರುವುದಿಲ್ಲ. ಅವರಿಗೆ ಯಾವಾಗಲೂ ಮುಂದಿನ ಸಾಲಿನಲ್ಲೇ ಕುರ್ಚಿ ಇರುತ್ತದೆ, ಅಲ್ವಾ?

ನಾನು ಮೈಸೂರಿನವಳು. ಗಂಡನ ಕೆಲಸದಿಂದಾಗಿ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗೆನ್‌ನಲ್ಲಿ ಕೆಲವು ವರ್ಷ ಇದ್ದೆವು. 2019ರ ಅಕ್ಟೋಬರ್‌ನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಜಿಮ್ನಾಸ್ಟಿಕ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 8ನೇ ತಾರೀಕು ಹೆಂಗಸರ ತಂಡಗಳ ಫೈನಲ್. ಅವತ್ತೇ ವಿಜಯದಶಮಿ. ಬೆಳಿಗ್ಗೆ ಫೋನಿನಲ್ಲಿ ಅರ್ಜುನ ಅಂಬಾರಿ ಹೊತ್ತು ನಡೆಯುವುದನ್ನು ನೋಡಿ, ಅಮ್ಮನ ಹತ್ತಿರ ಮಾತಾಡಿ, ಒಂದಿಷ್ಟು ಅತ್ತು, ಊಟ ಮುಗಿಸಿ ಮಗಳನ್ನು ಕರೆದುಕೊಂಡು ಎಸ್1 ರೈಲು ಹತ್ತಿದೆ. ಅವಳಿಗೆ ಆಗ 8 ವರ್ಷ. ರೈಲಿನ ತುಂಬ ಚರ್ಮದ ಚಡ್ಡಿ ಹಾಕಿದ ಗಂಡಸರು, ಲಂಗದಾವಣಿಯ ಹಾಗಿನ ಡಿರ್ಂಡ್ಲ್ ಉಟ್ಟ ಹುಡುಗಿಯರು. ಆ ಹಾಲ್ ಪಕ್ಕದ ಮೈದಾನದಲ್ಲಿ ಅದೇ ದಿನಗಳಲ್ಲಿ ಬಿಯರ್ ಜಾತ್ರೆ ಇತ್ತು. ಬಾಡ್ ಕಾನ್‌ಸ್ಟಾಟ್‌ನಲ್ಲಿ ಅರ್ಧ ರೈಲು ಜಾತ್ರೆಗೆ ಇಳಿಯಿತು. ಮುಂದಿನ ನಿಲ್ದಾಣದಲ್ಲಿ ಇಳಿದ ನಾವು ಶ್ಲೇಯರ್ ಹಾಲ್ ಕಡೆ ನಡೆದೆವು. ದಸರಾ ತಪ್ಪಿಸಿಕೊಂಡ ದುಃಖ ಅಲ್ಲಿಗೆ ಸ್ವಲ್ಪ ಕಮ್ಮಿ ಆಯಿತು.

ಒಳಗೆ ಹೋಗಿ ಕೂತರೆ ತಲೆ ತಿರುಗಿತು. ಟಿವಿಯಲ್ಲಿ ನೋಡುವಾಗ ಒಬ್ಬಳು ಬರುತ್ತಾಳೆ, ಮಾಡುತ್ತಾಳೆ, ಹೋಗುತ್ತಾಳೆ. ಹಾಲ್‌ನಲ್ಲಿ ಹಾಗಲ್ಲ. ನಾಲ್ಕೂ ಕಡೆ ಒಟ್ಟಿಗೇ ನಡೆಯುತ್ತಿರುತ್ತದೆ. ಒಬ್ಬಳು 25 ಮೀಟರ್ ಓಡಿ ಬಂದು, ವಾಲ್ಟ್ ಅನ್ನುವ ಎತ್ತರದ ಸಾಧನದ ಮೇಲೆ ಕೈ ಊರಿ ಹಾರುತ್ತಾಳೆ. ಇನ್ನೊಬ್ಬಳು ಬಾರ್‌ಗಳ ನಡುವೆ ತೂಗುತ್ತಿರುತ್ತಾಳೆ. ಮತ್ತೊಬ್ಬಳು 10 ಸೆಂಟಿಮೀಟರ್ ಅಗಲದ ಬೀಮ್ ಮೇಲೆ ನಿಂತು ಉಸಿರು ಹಿಡಿದಿರುತ್ತಾಳೆ. ಅದೇ ಹೊತ್ತಿಗೆ ಫ್ಲೋರ್ ಮೇಲೆ ಬೇರೆ ದೇಶದವಳಿಗೆ ಜೋರಾಗಿ ಸಂಗೀತ ಶುರುವಾಗುತ್ತದೆ. ಬೀಮ್ ಮೇಲಿನ ಹುಡುಗಿ ಆ ಸಂಗೀತ ಕೇಳಿಸದ ಹಾಗೆ ಇರಬೇಕು. ನನಗಂತೂ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗಲಿಲ್ಲ. ಸಾವಿರಾರು ಜನ ಒಮ್ಮೆಗೇ 'ಓಹ್' ಅಂದರು. ನಾನು ತಿರುಗಿ ನೋಡುವಷ್ಟರಲ್ಲಿ ಬಿದ್ದವಳು ಎದ್ದಾಗಿತ್ತು. ದುಡ್ಡು ಕೊಟ್ಟು ಬಂದು, ಮನೆಯಲ್ಲಿ ಕೂತು ನೋಡುವವರಿಗಿಂತ ಕಮ್ಮಿ ಅರ್ಥ ಮಾಡಿಕೊಂಡು ಕೂತಿದ್ದೆ.

ನಮ್ಮ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಎಪ್ಪತ್ತು ದಾಟಿರಬೇಕು. ತೊಡೆ ಮೇಲೆ ಚೌಕುಳಿ ಹಾಳೆಯ ನೋಟ್ ಪುಸ್ತಕ, ಕೈಯಲ್ಲಿ ಮೊಂಡು ಪೆನ್ಸಿಲ್. ತಮ್ಮ ಹಳ್ಳಿಯ ಜಿಮ್ನಾಸ್ಟಿಕ್ಸ್ ಸಂಘದಲ್ಲಿ ಮೂವತ್ತು ವರ್ಷ ಮಕ್ಕಳ ಸ್ಪರ್ಧೆಗಳಿಗೆ ತೀರ್ಪುಗಾರರಾಗಿದ್ದವರಂತೆ. ಜರ್ಮನಿಯಲ್ಲಿ ಇಂಥ ಸಂಘಗಳು ಊರೂರಲ್ಲೂ ಇವೆ. 1811ರಲ್ಲಿ ಫ್ರೀಡ್ರಿಶ್ ಲುಡ್‌ವಿಗ್ ಯಾನ್ ಬರ್ಲಿನ್‌ನ ಬಯಲಿನಲ್ಲಿ ಹುಡುಗರನ್ನು ಕಂಬ, ಬಾರ್ ಹತ್ತಿಸಿದ್ದರಿಂದ ಶುರುವಾದ ಪರಂಪರೆ ಅದು. ನಮ್ಮ ಕಡೆಯ ಗರಡಿ ಮನೆಗಳ ಹಾಗೆ ಅಂದುಕೊಳ್ಳಿ. ವ್ಯತ್ಯಾಸ ಏನೆಂದರೆ, ಅವರ ಗರಡಿಗಳಿಗೆ ಇನ್ನೂ ಮಕ್ಕಳು ಬರುತ್ತಾರೆ.

ನನ್ನ ಮಗಳು ಬಾಯಿ ಬಿಟ್ಟುಕೊಂಡು ಎಲ್ಲಾ ಕಡೆ ನೋಡುತ್ತಿದ್ದಳು. ಅಜ್ಜಿಗೆ ಅದು ಕಂಡಿತು. ಪುಸ್ತಕದ ಹಿಂದಿನ ಹಾಳೆ ತೆಗೆದು ಎರಡು ಏಣಿ ಬರೆದು ತೋರಿಸಿದರು. ಒಂದು ಏಣಿ ಕೆಳಗಿಂದ ಮೇಲಕ್ಕೆ. ಅದು ಕಷ್ಟದ ಅಂಕ. ಎಷ್ಟು ಕಷ್ಟದ್ದನ್ನು ಮಾಡುತ್ತಾಳೋ ಅಷ್ಟು ಏರುತ್ತದೆ. ಇನ್ನೊಂದು ಮೇಲಿಂದ ಕೆಳಕ್ಕೆ. ಅದು ಚೊಕ್ಕತನದ ಅಂಕ. ಎಲ್ಲರಿಗೂ ಮೊದಲು 10 ಇರುತ್ತದೆ, ತಪ್ಪಾದ ಹಾಗೆ ಕಳೆಯುತ್ತಾ ಹೋಗುತ್ತದೆ. ಸಣ್ಣ ತಪ್ಪಿಗೆ 0.1, ಇನ್ನೂ ದೊಡ್ಡದಕ್ಕೆ 0.3, 0.5. ಬಿದ್ದರೆ ಪೂರ್ತಿ 1. ಎರಡೂ ಏಣಿ ಕೂಡಿಸಿದರೆ ಬೋರ್ಡಿನ ಮೇಲಿನ ಅಂಕ. ಆಮೇಲೆ ಇನ್ನೊಂದು ಮಾತು ಹೇಳಿದರು: ತಂಡಗಳ ಫೈನಲ್‌ನಲ್ಲಿ ಒಂದೊಂದು ಸಾಧನದ ಮೇಲೂ ಮೂವರು ಮಾಡುತ್ತಾರೆ, ಮೂವರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಒಬ್ಬಳು ಬಿದ್ದರೆ ಅದನ್ನು ಮುಚ್ಚಿಡಲು ಜಾಗವೇ ಇಲ್ಲ.

ಅಷ್ಟೇ. ಐದು ನಿಮಿಷದ ಪಾಠ. ಅಲ್ಲಿಂದಾಚೆಗೆ ಹಾಲ್ ಬೇರೆಯೇ ಆಗಿಹೋಯಿತು. ಅಮೆರಿಕದವರು ಗೆಲ್ಲುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಗೆದ್ದರು ಕೂಡ, ಸುಮಾರು 6 ಅಂಕಗಳ ಅಂತರದಲ್ಲಿ. ಆದರೆ ಕೊನೆಯ ಸುತ್ತಿನಲ್ಲಿ ಅಜ್ಜಿಯ ಪೆನ್ಸಿಲ್ ಓಡುತ್ತಿದ್ದದ್ದು ಮೂರನೇ ಸ್ಥಾನಕ್ಕೆ. ಇಟಲಿಯಾ, ಚೀನಾನಾ? ಕೂಡಿಸಿ ಕಳೆದು, ಬೋರ್ಡಿಗೆ ಬರುವ ಮೊದಲೇ ಪುಸ್ತಕದಲ್ಲಿ ಇಟಲಿ ಅಂತ ಗೀಟು ಎಳೆದರು. ಆಮೇಲೆ ಕೆಳಗೆ ಇಟಲಿಯ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಅತ್ತರು. ಆ ದೇಶದ ಹೆಂಗಸರ ತಂಡಕ್ಕೆ 1950ರ ನಂತರ ಸಿಕ್ಕಿದ ಮೊದಲ ಪದಕ ಅದು. ನನ್ನ ಮಗಳೂ ಅಳುತ್ತಿದ್ದಳು. ಇಟಲಿ ಎಲ್ಲಿದೆ ಅಂತ ಅವಳಿಗೆ ಸರಿಯಾಗಿ ಗೊತ್ತಿತ್ತೋ ಇಲ್ಲವೋ. ಲೆಕ್ಕ ಗೊತ್ತಿತ್ತು. ಅದಕ್ಕೇ ಅಳು ಬಂತು.

ಮಾನ್ಯರೇ, ನಾನು ನಿಮ್ಮಿಂದ ಕೇಳುತ್ತಿರುವುದು ಆ ಅಜ್ಜಿಯನ್ನು. ಪ್ರತಿ ನೂರು ಕುರ್ಚಿಗೆ ಒಬ್ಬರಂತೆ.

ತಮಾಷೆ ಅಲ್ಲ. ಜರ್ಮನಿಯಲ್ಲಿ ನೋಡುವವರಲ್ಲಿ ಬಹಳ ಜನ ಚಿಕ್ಕಂದಿನಲ್ಲಿ ಬೀಮ್ ಮೇಲೆ ನಡೆದವರೇ. ನಮ್ಮಲ್ಲಿ ಹಾಗಿಲ್ಲ. ನಮ್ಮ ಜನಕ್ಕೆ ಎಲ್‌ಬಿಡಬ್ಲ್ಯು ಅರ್ಥವಾಗುತ್ತದೆ, ಡಕ್‌ವರ್ತ್ ಲೂಯಿಸ್ ಲೆಕ್ಕದ ಬಗ್ಗೆ ಟೀ ಅಂಗಡಿಯಲ್ಲಿ ಜಗಳ ಆಡುತ್ತಾರೆ. ಅಂಥವರಿಗೆ ಎರಡು ಏಣಿಯ ಲೆಕ್ಕ ಕಷ್ಟವೇ ಅಲ್ಲ. ಹೇಳಿಕೊಡುವವರು ಬೇಕು. ದೊಡ್ಡ ಪರದೆಯ ಮೇಲೆ ಬರೀ ಒಟ್ಟು ಅಂಕ ಹಾಕಬೇಡಿ. ಕಷ್ಟಕ್ಕೆ ಎಷ್ಟು, ಚೊಕ್ಕತನಕ್ಕೆ ಎಷ್ಟು ಅಂತ ಬಿಡಿಸಿ ತೋರಿಸಿ. ಗುಜರಾತಿಯಲ್ಲಿ, ಹಿಂದಿಯಲ್ಲಿ ಒಬ್ಬರು ಮೆತ್ತಗೆ ವಿವರಿಸುತ್ತಿರಲಿ, ಬೇಕಾದವರು ಫೋನಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಲಿ. ಕನ್ನಡದಲ್ಲೂ ಕೊಟ್ಟರೆ ಬೇಡ ಅನ್ನುವುದಿಲ್ಲ. ನಿಮ್ಮ ರಾಜ್ಯದ ಪಿಟಿ ಮೇಷ್ಟ್ರುಗಳನ್ನು ಈಗಿನಿಂದಲೇ ತಯಾರು ಮಾಡಿ ಸಾಲು ಸಾಲಿಗೆ ಕೂರಿಸಿ. ಅವರಿಗೂ ಖುಷಿ. ಅಂಪೈರ್ ಕೆಲಸ, ಚುನಾವಣೆ ಕೆಲಸ ಎಲ್ಲಾ ಮಾಡಿಸುತ್ತೀರಿ, ಇದನ್ನೂ ಮಾಡಿಸಿ.

ಇನ್ನು ಒಳಗಿನ ಸಣ್ಣ ಕೆಲಸಗಳ ಬಗ್ಗೆ. ಅವತ್ತು ಸ್ಟುಟ್‌ಗಾರ್ಟ್‌ನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಗೆದ್ದದ್ದು ಅವರ 21ನೇ ವಿಶ್ವ ಪದಕ. ಅಲ್ಲಿಯವರೆಗೆ ಹೆಂಗಸರಲ್ಲಿ ಅತಿ ಹೆಚ್ಚು, 20 ಪದಕ, ಇದ್ದದ್ದು ರಷ್ಯಾದ ಸ್ವೆಟ್ಲಾನಾ ಖೋರ್ಕಿನಾ ಹತ್ತಿರ. ಖೋರ್ಕಿನಾ ಹೆಸರು ಕೇಳಿದ ತಕ್ಷಣ ಅಜ್ಜಿ ಪೆನ್ಸಿಲ್ ಕೆಳಗಿಟ್ಟು ಸಿಡ್ನಿ ಕಥೆ ಹೇಳಿದರು. ಮನೆಗೆ ಬಂದ ಮೇಲೆ ಹುಡುಕಿ ಓದಿದೆ. ನಿಮ್ಮ ಕಚೇರಿಯ ಗೋಡೆಗೆ ಅಂಟಿಸಿಕೊಳ್ಳಬೇಕಾದ ಕಥೆ ಅದು.

2000ದ ಸಿಡ್ನಿ ಒಲಿಂಪಿಕ್ಸ್. ಹೆಂಗಸರ ಆಲ್‌ರೌಂಡ್ ಫೈನಲ್, ಅಂದರೆ ನಾಲ್ಕೂ ಸಾಧನಗಳ ಅಂಕ ಕೂಡಿಸುವ ಸ್ಪರ್ಧೆ. ಖೋರ್ಕಿನಾ ಗೆಲ್ಲುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದರು. ವಾಲ್ಟ್‌ಗೆ ಓಡಿ ಬಂದರು, ಹಾರಿದರು, ಮೊಣಕಾಲೂರಿ ಬಿದ್ದರು. ಬೇರೆ ಹುಡುಗಿಯರೂ ಒಬ್ಬರ ಹಿಂದೆ ಒಬ್ಬರು ಎಡವುತ್ತಿದ್ದರು. ಲೋಕದ ಅತ್ಯುತ್ತಮ ಜಿಮ್ನಾಸ್ಟ್‌ಗಳಿಗೆ ಒಂದೇ ದಿನ ಏನಾಯಿತು ಅಂತ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಆಸ್ಟ್ರೇಲಿಯಾದ ಹುಡುಗಿ ಅಲಾನಾ ಸ್ಲೇಟರ್, ಇದರ ಎತ್ತರ ಸರಿಯಿಲ್ಲ ಅಂತ ಹೇಳಿದಳು. ಟೇಪು ತಂದು ಅಳೆದು ನೋಡಿದರೆ ಹೌದು! 125 ಸೆಂಟಿಮೀಟರ್ ಇರಬೇಕಾದದ್ದು 120 ಇತ್ತು. ಐದು ಸೆಂಟಿಮೀಟರ್. ನಿಮ್ಮ ಎರಡೂವರೆ ಬೆರಳಿನ ಅಗಲ. ಎತ್ತರ ಸರಿ ಮಾಡಿ, ಬೇಕಾದವರು ಮತ್ತೆ ಹಾರಿ ಅಂದರು. ಅಷ್ಟರಲ್ಲಿ ಖೋರ್ಕಿನಾ ಆ ಸಂಕಟದಲ್ಲೇ ಬಾರ್ಸ್‌ಗೆ ಹೋಗಿ ಅಲ್ಲೂ ಬಿದ್ದಾಗಿತ್ತು. ಬಾರ್ಸ್ ಅವರ ಸ್ವಂತ ಮನೆ ಇದ್ದ ಹಾಗೆ. ಅಲ್ಲಿ ಬಿದ್ದ ಮೇಲೆ ವಾಲ್ಟ್ ಮತ್ತೆ ಹಾರಿ ಏನು ಪ್ರಯೋಜನ?

ಯೋಚಿಸಿ. ಹೊಸ ಹಾಲ್, ಪೂರ್ತಿ ತುಂಬಿದ ಕುರ್ಚಿಗಳು, ಲೋಕವೆಲ್ಲ ನೋಡುತ್ತಿದೆ. ಅಷ್ಟು ದೊಡ್ಡ ಏರ್ಪಾಟಿನಲ್ಲಿ ಟೇಪು ಹಿಡಿದು ಒಮ್ಮೆ ಅಳೆಯುವವರು ಒಬ್ಬರು ಇರಲಿಲ್ಲ. ಮದುವೆ ಛತ್ರದ ಮುಂದೆ ಭರ್ಜರಿ ಚಪ್ಪರ, ಒಳಗೆ ಕೊನೇ ಪಂಕ್ತಿಗೆ ಸಾರೇ ಇಲ್ಲ ಅನ್ನುವ ಹಾಗೆ.

1976ರ ಮಾಂಟ್ರಿಯಲ್‌ನಲ್ಲಿ ರುಮೇನಿಯಾದ ನಾಡಿಯಾ ಕೊಮನೆಚಿಗೆ 10ಕ್ಕೆ 10 ಬಂದಾಗ (ಆಗ ಒಟ್ಟು ಅಂಕವೇ 10) ಬೋರ್ಡು 1.00 ಅಂತ ತೋರಿಸಿತು, 10 ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಅದನ್ನು ನೆನೆದು ಇವತ್ತು ನಗಬಹುದು. ಪ್ಯಾರಿಸ್‌ನಲ್ಲಿ ಆದದ್ದಕ್ಕೆ ನಗು ಬರುವುದಿಲ್ಲ. 2024ರ ಫ್ಲೋರ್ ಫೈನಲ್. ಅಮೆರಿಕದ ಜೋರ್ಡಾನ್ ಚೈಲ್ಸ್‌ಗೆ 13.666 ಬಂತು. ಕಷ್ಟದ ಅಂಕ ಕಮ್ಮಿ ಕೊಟ್ಟಿದ್ದೀರಿ ಅಂತ ಕೋಚ್ ತಕರಾರು ಎತ್ತಿದರು. ತೀರ್ಪುಗಾರರು ಒಪ್ಪಿ 13.766 ಮಾಡಿದರು. ಕಂಚು ಅವರಿಗೆ ಹೋಯಿತು. 13.700 ಪಡೆದು, ಪದಕ ತನ್ನದೇ ಅಂತ ರುಮೇನಿಯಾದ ಬಾವುಟ ಹಿಡಿದು ಓಡಾಡುತ್ತಿದ್ದ ಅನಾ ಬರ್ಬೊಸು ಬಾವುಟ ಕೈಬಿಟ್ಟು ಅತ್ತರು. ಕೆಲವೇ ದಿನದಲ್ಲಿ ಕ್ರೀಡಾ ನ್ಯಾಯಮಂಡಳಿ ಇನ್ನೊಂದು ಮಾತು ಹೇಳಿತು: ತಕರಾರು ಒಂದು ನಿಮಿಷದೊಳಗೆ ಬರಬೇಕಿತ್ತು, 4 ಸೆಕೆಂಡ್ ತಡವಾಗಿದೆ. ಪದಕ ಬರ್ಬೊಸುಗೆ ಹೋಯಿತು. ನಾವು ಸಮಯದೊಳಗೇ ಕೇಳಿದ್ದೆವು, ವಿಡಿಯೋ ಇದೆ ಅಂತ ಅಮೆರಿಕದವರು ಕೋರ್ಟು ಹತ್ತಿದರು. ತಡವಾಗಿದೆಯೋ ಇಲ್ಲವೋ ಅಂತ ಅಲ್ಲೇ ನೋಡಿ ಅಲ್ಲೇ ಹೇಳುವ ವ್ಯವಸ್ಥೆ ಇರಲಿಲ್ಲ. ಎರಡು ಹುಡುಗಿಯರು, ಇಬ್ಬರದೂ ತಪ್ಪಿಲ್ಲ, ಇಬ್ಬರೂ ಅತ್ತರು. ಆ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಒಂದು ಗಡಿಯಾರ ಇಟ್ಟಿದ್ದರೆ ಸಾಕಿತ್ತು.

ನಿಯಮ ಮಾಡುವುದು ಅಂತರರಾಷ್ಟ್ರೀಯ ಸಂಸ್ಥೆ, ನಾವಲ್ಲ ಅಂತ ನೀವು ಹೇಳಬಹುದು. ಸರಿ. ಗಡಿಯಾರ ಕೊಳ್ಳುವುದು ನೀವೇ ತಾನೇ?

ಈಗ ನನ್ನ ಸ್ವಂತ ಸಿಟ್ಟಿನ ವಿಷಯ. ನಾವು ಊರಿಗೆ ವಾಪಸ್ ಬಂದ ಮೇಲೆ ಮಗಳ ಹಟಕ್ಕೆ ಒಂದು ಜಿಮ್ನಾಸ್ಟಿಕ್ಸ್ ಕೂಟ ನೋಡಲು ಹೋಗಿದ್ದೆವು. ಯಾವ ಊರು, ಯಾವ ಕೂಟ ಅಂತ ಹೇಳುವುದಿಲ್ಲ, ಬೇಡ. ಬೀಮ್ ಫೈನಲ್. ಹನ್ನೆರಡೋ ಹದಿಮೂರೋ ವರ್ಷದ ಒಂದು ಮಗು ಮೈ ಬಿಸಿ ಮಾಡಿಕೊಂಡು, ಕೈಗೆ ಬಿಳಿ ಪುಡಿ ಹಚ್ಚಿಕೊಂಡು, ಬೀಮ್ ಪಕ್ಕ ನಿಂತಿತ್ತು. ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ಎಲ್ಲಾ ನಿಂತಿತು. ಶಾಲು, ಹಾರ, ಪೇಟ. ಒಬ್ಬೊಬ್ಬರಿಗೂ ಸ್ಮರಣಿಕೆ. ಅವರು ಮಾತಾಡಿದರು, ಜಿಮ್ನಾಸ್ಟಿಕ್ಸ್ ಬಿಟ್ಟು ಎಲ್ಲದರ ಬಗ್ಗೆಯೂ. ನಲವತ್ತು ನಿಮಿಷ. ಆ ಮಗು ಚಳಿಗೆ ತೋಳು ಉಜ್ಜಿಕೊಳ್ಳುತ್ತಾ ನಿಂತೇ ಇತ್ತು. ಮೈ ತಣ್ಣಗಾದ ಮೇಲೆ ಬೀಮ್ ಹತ್ತಿಸಿದರು. ಎರಡನೇ ಲಾಗಕ್ಕೇ ಬಿತ್ತು. ಫೋಟೋದವರು ವೇದಿಕೆ ಕಡೆ ಇದ್ದರು. ಅದು ಬಿದ್ದದ್ದನ್ನು ಯಾರೂ ಗಮನಿಸಲಿಲ್ಲ. ನನ್ನ ಮಗಳು ಮಾತ್ರ ನನ್ನ ಕೈ ಹಿಡಿದು, 'ಅಮ್ಮಾ, ಒಂದು ಅಂಕ ಹೋಯ್ತು' ಅಂದಳು.

2030ರಲ್ಲಿ ಅತಿಥಿಗಳು ಬಂದೇ ಬರುತ್ತಾರೆ, ತಡೆಯಲು ಆಗುವುದಿಲ್ಲ. ಆದರೆ ಅವರು ಬರುವುದು, ಕೂರುವುದು, ಏಳುವುದು ಎರಡು ಸುತ್ತುಗಳ ನಡುವೆ ಆಗಲಿ. ಬೀಮ್ ಮೇಲೆ ಯಾರಾದರೂ ಇದ್ದಾಗ ಮಂತ್ರಿಗಳೇ ಬಂದರೂ ಬಾಗಿಲಲ್ಲಿ ನಿಲ್ಲಿಸಿ. ಸಂಗೀತ ಕಛೇರಿಯಲ್ಲಿ ರಾಗದ ನಡುವೆ ಎದ್ದು ಓಡಾಡಿದರೆ ಮೈಸೂರಿನವರು ಹೇಗೆ ದುರುಗುಟ್ಟಿ ನೋಡುತ್ತಾರೋ ಹಾಗೆ ನೋಡುವ ಸ್ವಯಂಸೇವಕರು ಬೇಕು. ಫೋನಿನ ಫ್ಲಾಶ್ ಬಗ್ಗೆಯೂ ಅಷ್ಟೇ ಕಟ್ಟುನಿಟ್ಟು ಬೇಕು. ತಲೆಕೆಳಗಾಗಿ ತಿರುಗುವಾಗ ಕಣ್ಣಿಗೆ ಬೆಳಕು ಹೊಡೆದರೆ ನೆಲ ಎಲ್ಲಿದೆ ಅಂತ ಹುಡುಕುವುದು ಹೇಗೆ? ನಮ್ಮ ಜನಕ್ಕೆ ಶಿಸ್ತಿಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಬಾಗಲಕೋಟೆ, ಗದಗ ಕಡೆ ಮಲ್ಲಗಂಬ ನಡೆಯುವಾಗ ಹೋಗಿ ನೋಡಿ. ಹುಡುಗ ಕಂಬದ ತುದಿ ಹತ್ತಿ ಒಂದೇ ಕಾಲಲ್ಲಿ ನಿಂತಾಗ ಇಡೀ ಜಾತ್ರೆ ಸುಮ್ಮನಾಗುತ್ತದೆ. ಅವನು ಇಳಿದ ಮೇಲೇ ಸಿಳ್ಳೆ. ಏನು ಕಷ್ಟ ಅಂತ ಅವರಿಗೆ ಗೊತ್ತು, ಅದಕ್ಕೆ.

ಖಾಲಿ ಕುರ್ಚಿಗಳ ಬಗ್ಗೆಯೂ ಹೇಳಬೇಕು. ಅರ್ಹತಾ ಸುತ್ತು ಬೆಳಿಗ್ಗೆಯಿಂದ ರಾತ್ರಿವರೆಗೆ ನಡೆಯುತ್ತದೆ. ಅದಕ್ಕೂ ಮೊದಲು ಎಲ್ಲಾ ತಂಡಗಳೂ ಸ್ಪರ್ಧೆಯ ಸಾಧನಗಳ ಮೇಲೆ ಅಭ್ಯಾಸ ಮಾಡುವ ದಿನಗಳಿರುತ್ತವೆ. ಪೋಡಿಯಂ ಟ್ರೈನಿಂಗ್ ಅನ್ನುತ್ತಾರೆ. ನನ್ನನ್ನು ಕೇಳಿದರೆ ಫೈನಲ್‌ಗಿಂತ ಅದೇ ಚೆಂದ. ಬೀಳುತ್ತಾರೆ, ನಗುತ್ತಾರೆ, ಮತ್ತೆ ಹತ್ತುತ್ತಾರೆ, ಕೋಚ್ ಹತ್ತಿರ ಬೈಸಿಕೊಳ್ಳುತ್ತಾರೆ. ಆ ದಿನಗಳಲ್ಲಿ ಬಾಗಿಲು ಹಾಕಿಡಬೇಡಿ. ಸರ್ಕಾರಿ ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ತಂದು ಕೂರಿಸಿ. ಧ್ವಜ ಕೊಟ್ಟು 'ಚಪ್ಪಾಳೆ ಹೊಡೀರಿ' ಅಂತ ಕೂರಿಸುವುದಲ್ಲ. ಎರಡು ಏಣಿ ಹೇಳಿಕೊಟ್ಟು, ಕೈಗೆ ಪೆನ್ಸಿಲ್ ಕೊಟ್ಟು, ನೀವೇ ಅಂಕ ಹಾಕಿ ಅನ್ನಿ.

ಇನ್ನೊಂದು ವಿಷಯ, ಚಿಕ್ಕದಾಗಿ ಹೇಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಜಕಾರ್ತಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಇಂಡೋನೇಷ್ಯಾ ಸರ್ಕಾರ ಇಸ್ರೇಲ್ ಜಿಮ್ನಾಸ್ಟ್‌ಗಳಿಗೆ ವೀಸಾ ಕೊಡಲಿಲ್ಲ. ಅವರಿಲ್ಲದೆಯೇ ಕೂಟ ನಡೆಯಿತು. ಆಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಅಲ್ಲಿ ಇನ್ನು ಕೂಟಗಳನ್ನು ನಡೆಸಬೇಡಿ ಅಂತ ಎಲ್ಲಾ ಆಟಗಳ ಸಂಸ್ಥೆಗಳಿಗೂ ಸಲಹೆ ಕೊಟ್ಟಿತು. ಆ ಜಗಳದಲ್ಲಿ ಯಾರು ಸರಿ ಅಂತ ವಾದ ಮಾಡಲು ಈ ಪತ್ರ ಅಲ್ಲ. ನೀವು 2036ರ ಒಲಿಂಪಿಕ್ಸ್ ಕೇಳುತ್ತಿದ್ದೀರಿ. ಕಾಮನ್‌ವೆಲ್ತ್‌ನಲ್ಲಿ ಪಾಕಿಸ್ತಾನವೂ ಇದೆ. ಮನೆಗೆ ಕರೆದ ಮೇಲೆ ಬಾಗಿಲು ತೆರೆಯಬೇಕು. ಆಗುವುದಿಲ್ಲ ಅಂದರೆ ಕರೆಯುವ ಮೊದಲೇ ಯೋಚಿಸಬೇಕು.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯವಾದದ್ದು. ಕೂಟ ಮುಗಿದ ಮೇಲೆ ಆ ಬೀಮ್, ಆ ಬಾರ್, ಸ್ಪ್ರಿಂಗ್ ಇರುವ ಆ 12 ಮೀಟರ್ ಫ್ಲೋರ್ ಎಲ್ಲಿಗೆ ಹೋಗುತ್ತವೆ?

ದೀಪಾ ಕರ್ಮಾಕರ್ ಕಥೆ ನಿಮಗೆ ಗೊತ್ತು. ಅಗರ್ತಲಾದ ಹುಡುಗಿ, ಚಪ್ಪಟೆ ಪಾದ. ಚಿಕ್ಕಂದಿನಲ್ಲಿ ವಾಲ್ಟ್ ಕಲಿಯಲು ಸಾಧನ ಇರಲಿಲ್ಲ. ಕೋಚ್ ಬಿಶ್ವೇಶ್ವರ ನಂದಿ ಹಳೇ ಸ್ಕೂಟರಿನ ಬಿಡಿಭಾಗಗಳನ್ನು ಜೋಡಿಸಿ ಏನೋ ಒಂದು ಮಾಡಿಕೊಟ್ಟರು. ಮಳೆ ಬಂದರೆ ಜಿಮ್‌ಗೆ ನೀರು ನುಗ್ಗುತ್ತಿತ್ತು. ಅಲ್ಲಿಂದ ಹೊರಟ ಹುಡುಗಿ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಪ್ರೊಡುನೋವಾ ಹಾರಿದಳು. ವಾಲ್ಟ್ ಮೇಲೆ ಕೈ ಊರಿ ಎಗರಿ, ಗಾಳಿಯಲ್ಲಿ ಎರಡು ಸಲ ಮುಂದಕ್ಕೆ ಲಾಗ ಹಾಕಿ ನಿಲ್ಲುವುದು. ಲೆಕ್ಕ ತಪ್ಪಿದರೆ ಕತ್ತಿಗೇ ಅಪಾಯ. ಲೋಕದಲ್ಲಿ ಅದನ್ನು ಸ್ಪರ್ಧೆಯಲ್ಲಿ ಮಾಡಿದ ಹೆಂಗಸರನ್ನು ಕೈಬೆರಳಲ್ಲಿ ಎಣಿಸಬಹುದು. ಕಂಚು ಬಂತು. ಭಾರತದ ಯಾವ ಜಿಮ್ನಾಸ್ಟ್ ಹುಡುಗಿಗೂ ಆ ಕೂಟದಲ್ಲಿ ಅದಕ್ಕೆ ಮೊದಲು ಪದಕ ಬಂದಿರಲಿಲ್ಲ. 2016ರ ರಿಯೋದಲ್ಲಿ ನಾಲ್ಕನೇ ಸ್ಥಾನ, ಕಂಚಿಗೆ ಬರೀ 0.15 ಕಮ್ಮಿ. ಎರಡು ಏಣಿಯ ಲೆಕ್ಕದಲ್ಲಿ ಹೇಳುವುದಾದರೆ ಇಳಿಯುವಾಗಿನ ಒಂದೆರಡು ಸಣ್ಣ ತಪ್ಪು, ಅಷ್ಟೇ.

ಗ್ಲಾಸ್ಗೋ ಹೆಸರು ಬಂತಲ್ಲ, ಅದನ್ನೇ ಹಿಡಿದುಕೊಳ್ಳಿ. 2014ರಲ್ಲಿ ಕಾಮನ್‌ವೆಲ್ತ್ ಜಿಮ್ನಾಸ್ಟಿಕ್ಸ್ ನಡೆದದ್ದು ಹೈಡ್ರೋ ಅನ್ನುವ ಹಾಲ್‌ನಲ್ಲಿ. ಮರುವರ್ಷವೇ, 2015ರಲ್ಲಿ, ಅದೇ ಹಾಲ್‌ಗೆ ವಿಶ್ವ ಚಾಂಪಿಯನ್‌ಷಿಪ್ ತಂದರು. ಜನ ಆಗಲೇ ನೋಡಲು ಕಲಿತಿದ್ದರು, ಸ್ವಯಂಸೇವಕರು ಆಗಲೇ ಕೆಲಸ ಕಲಿತಿದ್ದರು. ಆ ವರ್ಷ ಬ್ರಿಟನ್ನಿನ ಹೆಂಗಸರ ತಂಡಕ್ಕೆ ಮೊಟ್ಟಮೊದಲ ವಿಶ್ವ ಪದಕ ಬಂತು. ಅದೇ ದೇಶದ ಮ್ಯಾಕ್ಸ್ ವಿಟ್ಲಾಕ್ ಪಾಮೆಲ್ ಹಾರ್ಸ್ ಅನ್ನುವ ಗಂಡಸರ ಸಾಧನದಲ್ಲಿ ಚಿನ್ನ ಗೆದ್ದರು. ನಮ್ಮ ದೀಪಾ ಕೂಡ ಅದೇ ಹಾಲ್‌ನಲ್ಲಿ ವಾಲ್ಟ್ ಫೈನಲ್ ತಲುಪಿ ಐದನೆಯವಳಾದಳು.

ಇದರ ಪಕ್ಕ ನಮ್ಮ ಕಥೆ ಇಡಿ. 2010ರಲ್ಲಿ ದೆಹಲಿಯಲ್ಲಿ ಅಶೀಶ್ ಕುಮಾರ್ ಫ್ಲೋರ್‌ನಲ್ಲಿ ಕಂಚು, ವಾಲ್ಟ್‌ನಲ್ಲಿ ಬೆಳ್ಳಿ ಗೆದ್ದ. ಕಾಮನ್‌ವೆಲ್ತ್ ಜಿಮ್ನಾಸ್ಟಿಕ್ಸ್‌ನಲ್ಲಿ ಭಾರತದ ಮೊದಲ ಪದಕಗಳು. ಜನ ಎದ್ದು ನಿಂತು ಕೂಗಿದರು. ಆಮೇಲೆ? ಭಾರತದಲ್ಲಿ ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್ ವಿಶ್ವ ಚಾಂಪಿಯನ್‌ಷಿಪ್ ಇವತ್ತಿನವರೆಗೂ ನಡೆದಿಲ್ಲ. ಆಂಟ್‌ವರ್ಪ್‌ನಲ್ಲಿ 1903ರಲ್ಲೇ ನಡೆದಿತ್ತು, 2013ರಲ್ಲಿ ಮತ್ತೆ, 2023ರಲ್ಲಿ ಇನ್ನೊಮ್ಮೆ. ದೊಡ್ಡ ಊರುಗಳಿಗೇ ಆಗುವುದು ಅಂತಲೂ ಅಲ್ಲ. ಏಷ್ಯಾದಲ್ಲಿ ಮೊದಲ ಬಾರಿಗೆ, 1995ರಲ್ಲಿ, ಅದನ್ನು ನಡೆಸಿದ್ದು ಜಪಾನಿನ ಸಬಾಯೆ. ಕನ್ನಡಕದ ಫ್ರೇಮ್ ಮಾಡುವ ಊರು. ನಮ್ಮ ಮಂಡ್ಯಕ್ಕಿಂತ ಚಿಕ್ಕದು.

ಹಾಗಾಗಿ ನನ್ನ ಕೋರಿಕೆ ಇದು. 2030ರ ಕೂಟ ಮುಗಿದ ಮರುದಿನ ಆ ಸಾಧನಗಳನ್ನು ಗೋದಾಮಿಗೆ ಹಾಕಿ ಬೀಗ ಜಡಿಯಬೇಡಿ. ಯಾವ ಊರಿನ ಯಾವ ಜಿಮ್‌ಗೆ ಏನು ಹೋಗುತ್ತದೆ ಅಂತ ಈಗಲೇ ಬರೆದಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕಿ. ಒಂದು ಸೆಟ್ ಅಗರ್ತಲಾಕ್ಕೆ ಹೋಗಲಿ, ಆ ಊರಿನ ಋಣ ದೇಶದ ಮೇಲಿದೆ. ಒಂದು ಸೆಟ್ ನಿಮ್ಮಲ್ಲೇ ಇರಲಿ, ದಿನಾ ಸಂಜೆ ಮಕ್ಕಳು ಬಂದು ಹತ್ತಲಿ. ಮರುವರ್ಷ ಅದೇ ಹಾಲ್‌ಗೆ ಏಷ್ಯನ್ ಚಾಂಪಿಯನ್‌ಷಿಪ್ ಕೇಳಿ. ಆಮೇಲೆ ವಿಶ್ವದ್ದು. ಸಾಧನಗಳನ್ನು ಕೂಟಕ್ಕೆ ಇನ್ನೇನು ಒಂದು ತಿಂಗಳಿದೆ ಅನ್ನುವಾಗ ತರಿಸಬೇಡಿ. 2014ರಲ್ಲಿ ಹುಟ್ಟಿದ ಹುಡುಗಿಗೆ 2030ಕ್ಕೆ 16 ತುಂಬುತ್ತದೆ. ದೊಡ್ಡವರ ವಿಭಾಗಕ್ಕೆ ಬರುವ ವಯಸ್ಸು ಅದೇ. ಅಂದರೆ ನಿಮ್ಮ ಕೂಟದಲ್ಲಿ ಭಾರತದ ಅಂಗಿ ತೊಟ್ಟು ಬೀಮ್ ಹತ್ತಬೇಕಾದ ಮಕ್ಕಳು ಈಗ ಎಲ್ಲೋ ಒಂದು ಊರಿನಲ್ಲಿ, ಸಿಮೆಂಟ್ ನೆಲದ ಮೇಲೆ ತೆಳ್ಳಗಿನ ಚಾಪೆ ಹಾಸಿಕೊಂಡು ಲಾಗ ಹಾಕುತ್ತಿದ್ದಾರೆ. ಅವರ ಮಂಡಿ ಅಲ್ಲಿಯವರೆಗೆ ಉಳಿಯಬೇಕಲ್ಲ?

ಒಂದು ಸಣ್ಣ ಖರ್ಚಿನ ಕೆಲಸವೂ ಇದೆ. 2026ರ ಬೇಸಿಗೆಯಲ್ಲಿ ಗ್ಲಾಸ್ಗೋದಲ್ಲೇ ಕಾಮನ್‌ವೆಲ್ತ್ ಕೂಟ, ಅಕ್ಟೋಬರ್‌ನಲ್ಲಿ ರಾಟರ್‌ಡ್ಯಾಮ್‌ನಲ್ಲಿ ಜಿಮ್ನಾಸ್ಟಿಕ್ಸ್ ವಿಶ್ವ ಚಾಂಪಿಯನ್‌ಷಿಪ್. ನಿಮ್ಮವರು ನಿಯೋಗ ಕಟ್ಟಿಕೊಂಡು ಹೋಗೇ ಹೋಗುತ್ತೀರಿ. ಹೋಗಿ. ಆದರೆ ಅವರಲ್ಲಿ ಇಬ್ಬರಿಗಾದರೂ ಕೊರಳಿಗೆ ಪಾಸು ಹಾಕದೆ ಕಳಿಸಿ. ಟಿಕೆಟ್ ಕೊಂಡು, ಸಾಲಲ್ಲಿ ನಿಂತು, ಮೇಲಿನ ಸಾಲಿನಲ್ಲಿ ಕೂರಲಿ. ಶೌಚಾಲಯ ಎಷ್ಟು ದೂರ, ನೀರು ಎಷ್ಟು ರೇಟು, ಬೀಮ್ ಕಾಣುತ್ತದೋ ಕ್ಯಾಮೆರಾ ಕ್ರೇನ್ ಅಡ್ಡ ಬರುತ್ತದೋ, ಕೊನೇ ರೈಲು ಸಿಗುತ್ತದೋ ಅಂತ ಬರೆದುಕೊಂಡು ಬರಲಿ. ಪಕ್ಕದಲ್ಲಿ ನೋಟ್ ಪುಸ್ತಕ ಹಿಡಿದ ಅಜ್ಜಿಯೋ ತಾತನೋ ಇದ್ದರೆ ನಾಚಿಕೆ ಬಿಟ್ಟು ಮಾತಾಡಿಸಲಿ.

ನನ್ನ ಮಗಳು ಈಗ ಜಿಮ್ನಾಸ್ಟಿಕ್ಸ್ ಮಾಡುವುದಿಲ್ಲ. ಉದ್ದ ಬೆಳೆದಳು, ಮನೆ ಹತ್ತಿರ ಕಲಿಸುವವರು ಸಿಗಲಿಲ್ಲ, ಬಿಟ್ಟಳು. ಆದರೆ ಆ ಚೌಕುಳಿ ಹಾಳೆ ಇನ್ನೂ ಅವಳ ಪೆಟ್ಟಿಗೆಯಲ್ಲಿದೆ. ಹೊರಡುವಾಗ ಅಜ್ಜಿ ಹರಿದು ಕೊಟ್ಟದ್ದು. ಎರಡು ಏಣಿ, ಕೆಳಗೆ ಇಟಲಿ ಅಂತ ಗೀಟು. 2030ಕ್ಕೆ ಅವಳಿಗೆ 19. ಸ್ವಯಂಸೇವಕಿಯಾಗಿ ಬರುತ್ತೇನೆ ಅನ್ನುತ್ತಾಳೆ. ಅರ್ಜಿ ಯಾವಾಗ ಶುರು ಅಂತ ದಯವಿಟ್ಟು ಮೊದಲೇ ತಿಳಿಸಿ. ಅವಳನ್ನು ತೆಗೆದುಕೊಳ್ಳದಿದ್ದರೆ ನಮಗೆ ಮೂರು ಟಿಕೆಟ್ ಬೇಕು. ಬೀಮ್ ಇರುವ ಕಡೆಗೆ. ಅಮ್ಮನೂ ಬರುತ್ತಾರೆ, ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಲಿಫ್ಟ್ ಇರುತ್ತದೆ ಅಲ್ವಾ?

ಇಂತಿ,
ಮೈಸೂರಿನ ಒಬ್ಬ ಪ್ರೇಕ್ಷಕಿ